ಚೆಂಡು ಮುಟ್ಟದ ಆಟಗಾರ, ಮ್ಯಾಟ್ರಿಕ್ಸ್ ಬಿಡದ ಗಣಿತಜ್ಞ

ಅಮೆರಿಕನ್ ಫುಟ್‌ಬಾಲ್ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಹೆಲ್ಮೆಟ್ಟು, ದಪ್ಪ ಭುಜಕವಚ, ಮೊಟ್ಟೆಯಾಕಾರದ ಚೆಂಡು, ಅಷ್ಟೇ. ಕಾಲಲ್ಲಿ ಒದೆಯೋದೇ ಅಪರೂಪ, ಆದರೂ ಹೆಸರು ಫುಟ್‌ಬಾಲ್. ಈ ಸಲ ನಾವು ಬರೆಯುತ್ತಿರೋದು ಆ ಆಟದ ಸ್ಟಾರ್ ಒಬ್ಬರ ಬಗ್ಗೆ ಅಲ್ಲ. ಟಿವಿ ಕ್ಯಾಮೆರಾ ಹೆಚ್ಚಾಗಿ ತಿರುಗಿಯೂ ನೋಡದ ಜಾಗದಲ್ಲಿ ಮೂರು ಸೀಸನ್ ಆಡಿ, 26ನೇ ವಯಸ್ಸಿಗೇ ಆಟ ಬಿಟ್ಟ ಜಾನ್ ಅರ್ಶೆಲ್ ಬಗ್ಗೆ.

ಮೊದಲು ಆ ಜಾಗ ಯಾವುದು ಅಂತ ನೋಡೋಣ. ಒಂದು ತಂಡದಲ್ಲಿ 11 ಜನ. ಚೆಂಡು ಕೈಯಲ್ಲಿರುವ ತಂಡ ನಾಲ್ಕು ಪ್ರಯತ್ನದೊಳಗೆ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತೆ, ಇಲ್ಲಾಂದ್ರೆ ಚೆಂಡು ಎದುರಾಳಿಗೆ. ಈ ತಂಡದ ಮುಂದೆ ಗೋಡೆ ಥರ ನಿಲ್ಲುವ ಐದು ಜನರೇ ಅಫೆನ್ಸಿವ್ ಲೈನ್. ನಡುವೆ ಸೆಂಟರ್, ಆತನ ಎರಡು ಪಕ್ಕ ಗಾರ್ಡ್‌ಗಳು, ಆಚೆ ತುದಿಗಳಲ್ಲಿ ಟ್ಯಾಕಲ್‌ಗಳು. ಸೆಂಟರ್ ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಟ್ಟ ಕ್ಷಣ, ಎದುರಿನ ದೈತ್ಯರು ಕ್ವಾರ್ಟರ್‌ಬ್ಯಾಕ್ ಮೇಲೆ ಬೀಳೋಕೆ ನುಗ್ಗುತ್ತಾರೆ. ಅವರನ್ನು ಎರಡೂವರೆ ಮೂರು ಸೆಕೆಂಡು ತಡೆಯೋದು, ಅಥವಾ ಚೆಂಡು ಹಿಡಿದು ಓಡುವವನಿಗೆ ಸಂದಿ ಮಾಡಿಕೊಡೋದು ಲೈನ್‌ಮನ್ ಕೆಲಸ. ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯೋಕೆ ಇವರಿಗೆ ಸಾಮಾನ್ಯವಾಗಿ ಅನುಮತಿಯೇ ಇಲ್ಲ. ಹಿಡಿಯಬೇಕು ಅಂದ್ರೆ ಮೊದಲೇ ರೆಫ್ರಿಗೆ ಹೇಳಬೇಕು! ಎದುರಾಳಿಯ ಅಂಗಿ ಎಳೆದು ಸಿಕ್ಕಿಬಿದ್ದರೆ 10 ಗಜ ದಂಡ. ಸ್ಟೇಡಿಯಂ ಮೈಕಿನಲ್ಲಿ ಇವರ ನಂಬರ್ ಕೇಳೋದು ಬಹುತೇಕ ಆಗ ಮಾತ್ರ. ಗ್ರೂಪ್ ಪ್ರಾಜೆಕ್ಟಿನಲ್ಲಿ ರಿಪೋರ್ಟ್ ಪೂರ್ತಿ ಬರೆದು, ವೈವಾ ದಿನ ಹಿಂದೆ ನಿಲ್ಲುವ ಗೆಳೆಯ ಇರ್ತಾನಲ್ಲ, ಅವನ ಪಾಡು ಇವರದು.

ಅರ್ಶೆಲ್ ಗಾರ್ಡ್ ಆಗಿದ್ದರು, ಬೇಕಾದಾಗ ಸೆಂಟರ್. ಆರಡಿ ಮೂರಿಂಚು ಎತ್ತರ, 135 ಕಿಲೋಗೂ ಮೀರಿದ ತೂಕ.

1991ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಹುಟ್ಟಿ, ನ್ಯೂಯಾರ್ಕ್ ರಾಜ್ಯದ ಬಫೆಲೊದಲ್ಲಿ ಬೆಳೆದವರು. ಅಪ್ಪ ಸರ್ಜನ್, ಅವರೂ ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದ್ದವರು. ಅಮ್ಮ ವಕೀಲೆ. ಅಂಗಡಿಗೆ ಹೋದಾಗ ಚಿಲ್ಲರೆ ಎಷ್ಟು ಬರಬೇಕು ಅಂತ ಮಗ ಲೆಕ್ಕ ಹಾಕಿ ಹೇಳಿದರೆ ಆ ಚಿಲ್ಲರೆ ಅವನಿಗೇ, ಇದು ಅಮ್ಮನ ಉಪಾಯ. ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಫುಟ್‌ಬಾಲ್‌ಗಾಗಿ, ಆದರೆ ಅಲ್ಲಿ ಗಣಿತದ ಗುಂಗು ಹಿಡಿಯಿತು. ಬ್ಯಾಚುಲರ್ಸ್, ಮಾಸ್ಟರ್ಸ್ ಎರಡನ್ನೂ ಗಣಿತದಲ್ಲೇ ಮಾಡಿದರು, ಅದೂ ನಾಲ್ಕಕ್ಕೆ ನಾಲ್ಕು ಗ್ರೇಡ್ ಪಾಯಿಂಟ್‌ನಲ್ಲಿ. ಸೂರ್ಯ, ಗುರುಗ್ರಹ ಮತ್ತು ಕ್ಷುದ್ರಗ್ರಹ ಸೇರಿದ ತ್ರಿಕಾಯ ಸಮಸ್ಯೆಯ ಮೇಲೆ ಪ್ರಬಂಧ ಪ್ರಕಟಿಸಿದರು. ಆಡುತ್ತಿದ್ದಾಗಲೇ ಜೂನಿಯರ್‌ಗಳಿಗೆ ಕ್ಯಾಲ್ಕುಲಸ್ ಪಾಠವನ್ನೂ ಹೇಳಿದರು. ಬೆಳಗಿನ ಪ್ರಾಕ್ಟೀಸ್ ಇದೆ ಅಂತ ಅಟೆಂಡೆನ್ಸ್ ಕೇಳುವ ನಮ್ಮ ಸ್ಪೋರ್ಟ್ಸ್ ಕೋಟಾ ಗೆಳೆಯರು ಇದನ್ನು ಓದದಿದ್ದರೇ ವಾಸಿ.

2014ರ ಡ್ರಾಫ್ಟ್‌ನಲ್ಲಿ ಬಾಲ್ಟಿಮೋರ್ ರೇವನ್ಸ್ ತಂಡ ಐದನೇ ಸುತ್ತಿನಲ್ಲಿ, 175ನೆಯವರಾಗಿ, ಅವರನ್ನು ಆರಿಸಿತು. ಮರುವರ್ಷವೇ ಸಹಲೇಖಕರ ಜೊತೆ ಇನ್ನೊಂದು ಪ್ರಬಂಧ ಬಂತು: ಗ್ರಾಫ್ ಲ್ಯಾಪ್ಲೇಸಿಯನ್‌ಗಳ ಫೀಡ್ಲರ್ ವೆಕ್ಟರ್ ಕಂಡುಹಿಡಿಯುವ ಮಲ್ಟಿಗ್ರಿಡ್ ಅಲ್ಗಾರಿದಮ್. ಹೆಸರು ಕೇಳಿ ಹೆದರಬೇಡಿ. ಒಂದು ಕ್ಲಾಸಿನ 60 ಜನರನ್ನು ಚುಕ್ಕಿಗಳಾಗಿ ಇಟ್ಟು, ಫ್ರೆಂಡ್ಸ್ ಆಗಿರುವವರ ನಡುವೆ ಗೆರೆ ಎಳೆಯಿರಿ. ಈಗ 60ಕ್ಕೆ 60ರ ಮ್ಯಾಟ್ರಿಕ್ಸ್ ಮಾಡಿ. ಕರ್ಣದಲ್ಲಿ ಪ್ರತಿಯೊಬ್ಬರ ಫ್ರೆಂಡ್ಸ್ ಸಂಖ್ಯೆ, ಗೆರೆ ಇರುವಲ್ಲಿ ಮೈನಸ್ ಒಂದು, ಉಳಿದದ್ದೆಲ್ಲ ಸೊನ್ನೆ. ಇದೇ ಲ್ಯಾಪ್ಲೇಸಿಯನ್. ಇದರ ಅತಿ ಚಿಕ್ಕ ಐಗನ್ ವ್ಯಾಲ್ಯೂ ಯಾವಾಗಲೂ ಸೊನ್ನೆ. ಮಜಾ ಇರೋದು ಎರಡನೇ ಚಿಕ್ಕದರಲ್ಲಿ. ಅದರ ಐಗನ್ ವೆಕ್ಟರ್ ಪ್ರತಿ ವಿದ್ಯಾರ್ಥಿಗೂ ಒಂದು ಸಂಖ್ಯೆ ಕೊಡುತ್ತೆ. ಪ್ಲಸ್ ಬಂದವರನ್ನು ಒಂದು ಕಡೆ, ಮೈನಸ್ ಬಂದವರನ್ನು ಇನ್ನೊಂದು ಕಡೆ ಕೂರಿಸಿದರೆ, ಕ್ಲಾಸು ಸಾಮಾನ್ಯವಾಗಿ ಎರಡು ಸಹಜ ಗ್ಯಾಂಗುಗಳಾಗಿ ಒಡೆಯುತ್ತೆ, ತೀರಾ ಕಮ್ಮಿ ಗೆರೆಗಳು ಕತ್ತರಿಸಿ ಹೋಗುತ್ತವೆ. ಚೆಕ್ ಗಣಿತಜ್ಞ ಮಿರೊಸ್ಲಾವ್ ಫೀಡ್ಲರ್ ಈ ದಾರಿಗೆ ಅಡಿಪಾಯ ಹಾಕಿದ್ದು 1973ರಲ್ಲಿ. 60 ಜನಕ್ಕೆ ಲ್ಯಾಪ್‌ಟಾಪ್ ಸಾಕು, ಆದರೆ ಚುಕ್ಕಿಗಳು ಕೋಟಿಗಟ್ಟಲೆ ಆದಾಗ ಏನು ಮಾಡೋದು? ಹತ್ತಿರದ ಚುಕ್ಕಿಗಳನ್ನು ಸೇರಿಸುತ್ತಾ ಗ್ರಾಫನ್ನು ಕುಗ್ಗಿಸಿ, ಚಿಕ್ಕ ಗ್ರಾಫಿನಲ್ಲಿ ಉತ್ತರ ಪಡೆದು, ಮತ್ತೆ ಹಂತಹಂತವಾಗಿ ದೊಡ್ಡದಕ್ಕೆ ಹಿಗ್ಗಿಸಿ ತಿದ್ದುತ್ತಾ ಹೋಗೋದು. ಪ್ರಬಂಧದ ತಿರುಳು ಇದು.

ಅದೇ 2015ರ ಆಗಸ್ಟಿನಲ್ಲಿ, ಟ್ರೈನಿಂಗ್ ಕ್ಯಾಂಪಿನಲ್ಲಿ, ಹೆಲ್ಮೆಟ್ಟಿಗೆ ಹೆಲ್ಮೆಟ್ ಬಡಿದು ಅರ್ಶೆಲ್‌ಗೆ ಕನ್ಕಶನ್ ಆಯಿತು. ಸುಮಾರು ಮೂರು ವಾರದಲ್ಲಿ ಮೈದಾನಕ್ಕೆ ಇಳಿಯುವಷ್ಟು ಚೇತರಿಸಿಕೊಂಡರು. ಆದರೆ ಕಠಿಣ ಗಣಿತವನ್ನು ಮನಸ್ಸಿನಲ್ಲೇ ಚಿತ್ರಿಸಿಕೊಳ್ಳುವ ಶಕ್ತಿ ಮರಳೋಕೆ ಅದಕ್ಕಿಂತ ಹೆಚ್ಚು ದಿನ ಬೇಕಾಯಿತು ಅಂತ ಆಮೇಲೆ ಅವರೇ ಹೇಳಿಕೊಂಡರು. ನಮಗೆ ಇಡೀ ಕಥೆಯಲ್ಲಿ ತಟ್ಟಿದ್ದು ಈ ಮಾತು. ಆಟಕ್ಕೆ ಫಿಟ್ ಅಂತ ಹೇಳುವ ಪರೀಕ್ಷೆಗಳಿವೆ, ಆದರೆ ಪ್ರಮೇಯ ಸಾಧಿಸೋಕೆ ಫಿಟ್ಟೇ ಅಂತ ತಿಳಿದದ್ದು ಆತನಿಗೊಬ್ಬನಿಗೇ.

ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ಕಾಯುತ್ತೆ, ನಿಜ. ಆದರೆ ತಲೆ ಗಕ್ಕನೆ ನಿಂತಾಗ ಒಳಗಿನ ಮಿದುಳು ನಿಲ್ಲಲ್ಲ. ಮೊದಲ ಸೆಮಿಸ್ಟರಿನಲ್ಲಿ ಓದಿದ ಜಡತ್ವವೇ ಇದು. ಲೈನ್‌ಮನ್‌ಗಳ ಕಷ್ಟ ಏನಂದ್ರೆ, ಇವರಿಗೆ ಬೀಳೋದು ಹೆಚ್ಚಾಗಿ ಪ್ರಜ್ಞೆ ತಪ್ಪಿಸುವ ಏಟಲ್ಲ. ಪ್ರತಿ ಸಲ ಚೆಂಡು ಹಿಂದಕ್ಕೆ ಹೋದಾಗಲೂ ಒಂದು ಡಿಕ್ಕಿ, ಹೀಗೆ ಮ್ಯಾಚಿಗೆ ಹತ್ತಾರು. ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಸೆಂಟರ್ ಮೈಕ್ ವೆಬ್‌ಸ್ಟರ್ ಹೀಗೆ 17 ಸೀಸನ್ ಆಡಿ, ನಾಲ್ಕು ಸೂಪರ್ ಬೌಲ್ ಗೆದ್ದವರು. ಕೊನೆಗಾಲದಲ್ಲಿ ನೆನಪು ಕೆಟ್ಟು, ಕೆಲವು ರಾತ್ರಿ ತಮ್ಮ ಟ್ರಕ್ಕಿನಲ್ಲೇ ಮಲಗುತ್ತಾ, 2002ರಲ್ಲಿ 50ನೇ ವಯಸ್ಸಿಗೆ ತೀರಿಹೋದರು. ಅವರ ಮಿದುಳನ್ನು ಪರೀಕ್ಷಿಸಿದ ನೈಜೀರಿಯಾ ಮೂಲದ ಡಾಕ್ಟರ್ ಬೆನೆಟ್ ಒಮಾಲು ಅಲ್ಲಿ ಕಂಡಿದ್ದು ಟೌ ಎಂಬ ಪ್ರೋಟೀನ್ ಅಸಹಜವಾಗಿ ಕಟ್ಟಿಕೊಂಡದ್ದನ್ನು, ಅಂದರೆ ಸಿಟಿಇ ಕಾಯಿಲೆಯನ್ನು. 2005ರಲ್ಲಿ ಅದು ಪ್ರಕಟವಾದಾಗ ಲೀಗಿನ ಕಡೆಯ ವೈದ್ಯರು ಪ್ರಬಂಧವನ್ನೇ ಹಿಂದಕ್ಕೆ ಪಡೆಯಬೇಕು ಅಂತ ಹಟ ಹಿಡಿದಿದ್ದರು. ಈ ಕಾಯಿಲೆ ಖಚಿತವಾಗಿ ಗೊತ್ತಾಗೋದು ಸತ್ತ ಮೇಲೆ ಮಾತ್ರ.

ಅರ್ಶೆಲ್‌ಗೆ ಇದೆಲ್ಲ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. 2015ರ ಮಾರ್ಚಿನಲ್ಲಿ ಕ್ರಿಸ್ ಬೋರ್ಲ್ಯಾಂಡ್ ಎಂಬ ಆಟಗಾರ ಮಿದುಳಿನ ಭಯದಿಂದ 24ಕ್ಕೇ ಆಟ ಬಿಟ್ಟಾಗ, ಇವರು ಒಂದು ಲೇಖನ ಬರೆದಿದ್ದರು. ಬೋರ್ಲ್ಯಾಂಡ್ ಕಂಡರೆ ಹೊಟ್ಟೆಕಿಚ್ಚಾಗುತ್ತೆ, ದುಡ್ಡಿಗಾಗಿ ಆಡುವ ಅಗತ್ಯ ನನಗಿಲ್ಲ, ಆದರೆ ಎದುರಾಳಿಗೆ ಡಿಕ್ಕಿ ಹೊಡೆಯುವ ಆ ಚಟ ಬಿಡೋಕಾಗ್ತಿಲ್ಲ, ಅದರ ಸಾರ ಇಷ್ಟು. ದುಡ್ಡಿನ ಮಾತು ಬೂಟಾಟಿಕೆ ಅಲ್ಲ. ಸೆಕೆಂಡ್ ಹ್ಯಾಂಡ್ ನಿಸಾನ್ ಕಾರಿನಲ್ಲಿ ಓಡಾಡುತ್ತಾ, ವರ್ಷಕ್ಕೆ 25,000 ಡಾಲರ್ ಒಳಗೆ ಬದುಕುತ್ತಿದ್ದರು. 2016ರಲ್ಲಿ ಎಂಐಟಿಯಲ್ಲಿ ಪಿಎಚ್‌ಡಿ ಶುರು ಮಾಡಿದರೂ ಆಟ ಬಿಡಲಿಲ್ಲ.

2017ರ ಜುಲೈ 25ರಂದು ಬಾಸ್ಟನ್ ಸಂಶೋಧಕರ ವರದಿ ಬಂತು. ದಾನವಾಗಿ ಬಂದ 111 ಮಾಜಿ ಎನ್‌ಎಫ್‌ಎಲ್ ಆಟಗಾರರ ಮಿದುಳುಗಳಲ್ಲಿ 110ರಲ್ಲಿ ಸಿಟಿಇ. ಇದನ್ನು ನೋಡಿ 99 ಪರ್ಸೆಂಟ್ ಆಟಗಾರರಿಗೆ ಕಾಯಿಲೆ ಅಂತ ಹೇಳೋದು ತಪ್ಪು. ಲಕ್ಷಣ ಕಂಡ ಮನೆಯವರೇ ಹೆಚ್ಚಾಗಿ ಮಿದುಳು ದಾನ ಮಾಡುತ್ತಾರೆ, ಸ್ಯಾಂಪಲ್ಲೇ ಒಂದು ಕಡೆ ವಾಲಿದೆ. ಸಂಶೋಧಕರೂ ಈ ಎಚ್ಚರಿಕೆ ಕೊಟ್ಟಿದ್ದರು. ಹಾಗಂತ 110 ಸಣ್ಣ ಸಂಖ್ಯೆಯೂ ಅಲ್ಲ. ಎರಡೇ ದಿನಕ್ಕೆ, ಜುಲೈ 27ರಂದು, ಅರ್ಶೆಲ್ ನಿವೃತ್ತಿ ಘೋಷಿಸಿದರು. ಪತ್ರಿಕೆಗಳು ಎರಡನ್ನೂ ತಳುಕು ಹಾಕಿದವು. ಅವರ ಹೇಳಿಕೆಯಲ್ಲಿ ಇದ್ದದ್ದು ಪೂರ್ಣಾವಧಿ ಓದು, ಡಿಸೆಂಬರಿನಲ್ಲಿ ಹುಟ್ಟಲಿದ್ದ ಮೊದಲ ಮಗು, ಅಷ್ಟೇ. ಒಟ್ಟು ಆಡಿದ್ದು 40 ಮ್ಯಾಚ್, ಅದರಲ್ಲಿ 13ರಲ್ಲಿ ಆರಂಭದಿಂದ.

2021ರಲ್ಲಿ ಪಿಎಚ್‌ಡಿ ಮುಗಿಯಿತು, 2023ರಲ್ಲಿ ಎಂಐಟಿಯಲ್ಲೇ ಸಹಾಯಕ ಪ್ರಾಧ್ಯಾಪಕರಾದರು. ಈಚೆಗೆ ಅವರು ಕೈ ಹಾಕಿರೋದು ನಾವೆಲ್ಲ ಮೊದಲ ವರ್ಷ ಹತ್ತು ಮಾರ್ಕ್ಸಿಗೆ ಮಾಡುವ ಗಾಸಿಯನ್ ಎಲಿಮಿನೇಷನ್‌ಗೆ. ಸಾಲುಗಳನ್ನು ಕಳೆಯುತ್ತಾ ಹೋದಂತೆ ಒಳಗಿನ ಸಂಖ್ಯೆಗಳು ಎಷ್ಟು ದೊಡ್ಡದಾಗಬಹುದು, ಅಂದರೆ ಕಂಪ್ಯೂಟರಿನ ಉತ್ತರ ಎಷ್ಟು ಕೆಡಬಹುದು ಎಂಬ ಪ್ರಶ್ನೆ ಅದು. ಪ್ರತಿ ಹಂತದಲ್ಲೂ ಉಳಿದವುಗಳಲ್ಲಿ ಅತಿ ದೊಡ್ಡ ಸಂಖ್ಯೆಯನ್ನೇ ಪಿವಟ್ ಮಾಡಿಕೊಂಡರೆ ಈ ಬೆಳವಣಿಗೆಗೆ ಇರುವ ಮಿತಿಯನ್ನು ವಿಲ್ಕಿನ್ಸನ್ 1961ರಲ್ಲಿ ಕೊಟ್ಟಿದ್ದರು. ಅರವತ್ತು ವರ್ಷದ ಮೇಲೆ ಅದನ್ನು ಇನ್ನಷ್ಟು ಬಿಗಿ ಮಾಡಿದ ಮೂವರಲ್ಲಿ ಒಬ್ಬರು, ಈ 64ನೇ ನಂಬರಿನ ಹಳೇ ಗಾರ್ಡ್.