ವಿದೇಶಿ ವಿಮಾನ ಸಂಸ್ಥೆಯಲ್ಲಿ ಪೈಲಟ್ ಉದ್ಯೋಗ: ಸಂಬಳಕ್ಕಿಂತ ಮೊದಲು ನೋಡಬೇಕಾದ ಕರಾರು

ಹುಬ್ಬಳ್ಳಿ ತಾಲ್ಲೂಕಿನ ಸುಳ್ಳ ಗ್ರಾಮದ ಎರೆ ಹೊಲಗಳಿಗೂ ದುಬೈ ವಿಮಾನ ನಿಲ್ದಾಣಕ್ಕೂ ಮೇಲ್ನೋಟಕ್ಕೆ ಯಾವ ಸಂಬಂಧವೂ ಕಾಣದು. ಆದರೆ ಊರಿನಲ್ಲಿ ಹತ್ತಾರು ಎಕರೆ ಜಮೀನು, ಅಮರಗೋಳದ ಎಪಿಎಂಸಿ ಪ್ರಾಂಗಣದಲ್ಲಿ ಒಂದು ಅಡತಿ ಅಂಗಡಿ ಇರುವ ಕುಟುಂಬವೊಂದನ್ನು ಊಹಿಸಿಕೊಳ್ಳೋಣ. ಆ ಮನೆಯ ಮಗನೋ ಮಗಳೋ ಪೈಲಟ್ ಆಗುವ ಬಯಕೆ ವ್ಯಕ್ತಪಡಿಸಿದರೆ, ಮಾತು ಎರಡನೆಯ ದಿನಕ್ಕೇ ಕೊಲ್ಲಿ ರಾಷ್ಟ್ರಗಳ ಸಂಬಳಕ್ಕೆ ಬಂದು ನಿಲ್ಲುತ್ತದೆ. ತೆರಿಗೆಯಿಲ್ಲದ ವೇತನ, ವಾಸಕ್ಕೆ ಮನೆ, ಮಕ್ಕಳ ಶಾಲಾ ಶುಲ್ಕ ಎಂಬ ಮೂರು ಮಾತುಗಳ ಮುಂದೆ ಉಳಿದ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ಹತ್ತಿ ಖರೀದಿಯ ಕರಾರಿನಲ್ಲಿ ತೇವಾಂಶದ ಕಲಮನ್ನು ಎರಡು ಬಾರಿ ಓದುವ ವರ್ತಕರು, ಮಕ್ಕಳ ಉದ್ಯೋಗದ ಕರಾರನ್ನು ಒಮ್ಮೆಯೂ ಓದದಿರುವುದು ಸೋಜಿಗದ ಸಂಗತಿ.

ಈ ಉದ್ಯೋಗದ ಏರಿಳಿತವನ್ನು ಹುಬ್ಬಳ್ಳಿ ನಗರವೇ ಹತ್ತಿರದಿಂದ ಕಂಡಿದೆ. 2003ರಲ್ಲಿ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ ಸಂಸ್ಥೆಯು ಎಟಿಆರ್ ವಿಮಾನಗಳೊಂದಿಗೆ ಬೆಂಗಳೂರು–ಹುಬ್ಬಳ್ಳಿ ಸಂಚಾರವನ್ನು ಆರಂಭಿಸಿತು. ಆ ದಶಕದಲ್ಲಿ ದೇಶದಲ್ಲಿ ಹೊಸ ವಿಮಾನ ಸಂಸ್ಥೆಗಳು ಒಂದರ ಹಿಂದೊಂದು ತಲೆಯೆತ್ತಿದವು. ವಿಮಾನಗಳು ಬಂದಷ್ಟು ಬೇಗ ಅನುಭವಿ ಕ್ಯಾಪ್ಟನ್‌ಗಳು ಸಿದ್ಧರಾಗಲಿಲ್ಲ. ತತ್ಪರಿಣಾಮವಾಗಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ತಾತ್ಕಾಲಿಕ ಅನುಮತಿಯ ಮೇಲೆ ವಿದೇಶಿ ಪೈಲಟ್‌ಗಳನ್ನು ಕರೆಸಿಕೊಳ್ಳಲಾಯಿತು. ಅಂದು ಭಾರತ ಪೈಲಟ್‌ಗಳನ್ನು ಆಮದು ಮಾಡಿಕೊಳ್ಳುವ ದೇಶವಾಗಿತ್ತು. ಮುಂದೆ ಏರ್ ಡೆಕ್ಕನ್ 2008ರಲ್ಲಿ ಕಿಂಗ್‌ಫಿಶರ್‌ನೊಂದಿಗೆ ವಿಲೀನಗೊಂಡಿತು. ಕಿಂಗ್‌ಫಿಶರ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದಾಗ ಅದರ ಸಿಬ್ಬಂದಿಗೆ ಹಲವು ತಿಂಗಳ ವೇತನ ಬಾಕಿಯಿತ್ತು. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್‌ನ ಸಂಚಾರವೂ ಸ್ಥಗಿತಗೊಂಡಿತು. ಕೆಲಸ ಕಳೆದುಕೊಂಡವರಲ್ಲಿ ಕೆಲವರು ದೇಶದ ಇತರ ಸಂಸ್ಥೆಗಳನ್ನು ಸೇರಿದರೆ, ಕೆಲವರು ಕೊಲ್ಲಿಯತ್ತ, ಆಗ್ನೇಯ ಏಷ್ಯಾದತ್ತ ಮುಖ ಮಾಡಿದರು. ಆಮದು ರಫ್ತಾಗಿ ತಿರುಗಲು ಹತ್ತು ವರ್ಷವೂ ಹಿಡಿಯಲಿಲ್ಲ.

ಲೈಸೆನ್ಸ್ ವಿಮಾನದ ಹಿಂದೆ ಹೋಗುತ್ತದೆ

ಇಂಜಿನಿಯರ್ ಅಥವಾ ಲೆಕ್ಕಪರಿಶೋಧಕ ವಿದೇಶಕ್ಕೆ ಹೋಗುವುದಕ್ಕೂ ಪೈಲಟ್ ಹೋಗುವುದಕ್ಕೂ ಮೂಲಭೂತ ವ್ಯತ್ಯಾಸವಿದೆ. 1944ರ ಡಿಸೆಂಬರ್ 7ರಂದು ಸಹಿಯಾದ ಶಿಕಾಗೋ ಒಡಂಬಡಿಕೆಯ 32ನೆಯ ವಿಧಿಯ ಪ್ರಕಾರ, ಅಂತರರಾಷ್ಟ್ರೀಯ ಸಂಚಾರದ ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶವೇ ಅದರ ಪೈಲಟ್‌ಗೆ ಲೈಸೆನ್ಸ್ ನೀಡಬೇಕು, ಇಲ್ಲವೇ ಬೇರೆ ದೇಶದ ಲೈಸೆನ್ಸನ್ನು ಮಾನ್ಯ ಮಾಡಬೇಕು. ಭಾರತದ ವಿಮಾನದ ಮೈಮೇಲೆ ‘ವಿಟಿ’ ಎಂಬ ಅಕ್ಷರಗಳಿರುತ್ತವೆ. ಸಂಯುಕ್ತ ಅರಬ್ ಸಂಸ್ಥಾನದ ವಿಮಾನದ ಮೇಲೆ ‘ಎ6’ ಎಂದಿರುತ್ತದೆ. ‘ವಿಟಿ’ ವಿಮಾನವನ್ನು ಹಲವು ವರ್ಷ ನಡೆಸಿದವರೂ ‘ಎ6’ ವಿಮಾನದ ಆಸನದಲ್ಲಿ ಕೂರುವ ಮುನ್ನ ಅಲ್ಲಿನ ಪ್ರಾಧಿಕಾರದ ವೈದ್ಯಕೀಯ ಪರೀಕ್ಷೆ ಮತ್ತು ಇತರ ಪರೀಕ್ಷೆಗಳನ್ನು ದಾಟಬೇಕು. ಇತ್ತ ಭಾರತದ ಲೈಸೆನ್ಸನ್ನು ಜೀವಂತವಾಗಿಟ್ಟುಕೊಳ್ಳದೆ ಹೋದವರು ಹಿಂದಿರುಗಿದಾಗ ಮತ್ತೆ ಪರೀಕ್ಷೆಗಳ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಇನ್ನೊಂದು ತಪ್ಪು ಕಲ್ಪನೆಯೂ ಪ್ರಚಲಿತವಿದೆ. ತರಬೇತಿ ಮುಗಿದೊಡನೆ ನೇರವಾಗಿ ದುಬೈಗೆ ಹೋಗಬಹುದೆಂಬುದೇ ಅದು. ಭಾರತದಲ್ಲಿ ವಾಣಿಜ್ಯ ಪೈಲಟ್ ಲೈಸೆನ್ಸ್‌ಗೆ 200 ಗಂಟೆಗಳ ಹಾರಾಟ ಸಾಕು. ಆದರೆ ಕ್ಯಾಪ್ಟನ್ ಆಗಲು ಅಗತ್ಯವಾದ ಉನ್ನತ ಲೈಸೆನ್ಸ್‌ಗೆ 1500 ಗಂಟೆಗಳು ಬೇಕು. ವಿದೇಶಿ ಸಂಸ್ಥೆಗಳು ಪರದೇಶದ ಪೈಲಟ್‌ನಿಂದ ಬಯಸುವುದು ಅನುಭವವನ್ನೇ ಹೊರತು ಹೊಸ ಪ್ರಮಾಣಪತ್ರವನ್ನಲ್ಲ. ಆದುದರಿಂದ ಮೊದಲ ಕೆಲವು ವರ್ಷಗಳ ದುಡಿಮೆ ಬಹುತೇಕ ಸ್ವದೇಶದಲ್ಲೇ ನಡೆಯಬೇಕು. ಬಿಟ್ಟು ಹೋಗುವುದೂ ಸುಲಭವಲ್ಲ: ಮಹಾನಿರ್ದೇಶನಾಲಯ 2017ರಲ್ಲಿ ಹೊರಡಿಸಿದ ನಿಯಮವು ಕ್ಯಾಪ್ಟನ್‌ಗಳಿಗೆ ಒಂದು ವರ್ಷದ, ಸಹ ಪೈಲಟ್‌ಗಳಿಗೆ ಆರು ತಿಂಗಳ ಪೂರ್ವಸೂಚನೆಯನ್ನು ವಿಧಿಸಿತು. ತರಬೇತಿ ವೆಚ್ಚಕ್ಕೆ ಪ್ರತಿಯಾಗಿ ಬರೆದುಕೊಟ್ಟ ಬಾಂಡ್ ಇದ್ದರೆ ಅದರ ಲೆಕ್ಕ ಬೇರೆ.

ತರಬೇತಿಯ ಸೌಕರ್ಯ ಈಗ ಹತ್ತಿರಕ್ಕೆ ಬಂದಿದೆ ಎಂಬುದು ನಿಜ. 1949ರಲ್ಲಿ ಆರಂಭವಾದ ಜಕ್ಕೂರಿನ ಸರ್ಕಾರಿ ಶಾಲೆಯ ಹೆಸರನ್ನಷ್ಟೇ ಕೇಳಿದ್ದ ಉತ್ತರ ಕರ್ನಾಟಕದವರಿಗೆ, 2021ರಲ್ಲಿ ಬೆಳಗಾವಿ ಮತ್ತು ಕಲಬುರಗಿ ನಿಲ್ದಾಣಗಳಲ್ಲಿ ಹಾರಾಟ ಶಾಲೆಗಳಿಗೆ ಜಾಗ ನೀಡುವ ನಿರ್ಧಾರ ಅನುಕೂಲವಾಯಿತು. ಶಾಲೆ ಹತ್ತಿರ ಬಂದ ಮಾತ್ರಕ್ಕೆ ಖರ್ಚು ಇಳಿಯಲಿಲ್ಲ. ಲೈಸೆನ್ಸ್‌ವರೆಗೆ ಅರ್ಧ ಕೋಟಿ ರೂಪಾಯಿಯ ಆಸುಪಾಸು, ಆನಂತರ ನಿರ್ದಿಷ್ಟ ಮಾದರಿಯ ವಿಮಾನದ ತರಬೇತಿಗೆ ಮತ್ತೊಂದು ದೊಡ್ಡ ಮೊತ್ತ. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಇಷ್ಟೇ ಹಣಕ್ಕೆ ಕೊಂಡ ಯಂತ್ರ ಕೈಕೊಟ್ಟರೆ ಅದನ್ನು ಅರ್ಧ ಬೆಲೆಗಾದರೂ ಮಾರಬಹುದು. ಲೈಸೆನ್ಸನ್ನು ಮಾರಲಾಗದು, ಕಣ್ಣಿನಲ್ಲೋ ಹೃದಯದಲ್ಲೋ ದೋಷ ಕಂಡರೆ ಅದು ಒಂದೇ ದಿನದಲ್ಲಿ ನಿರುಪಯೋಗಿಯಾಗಬಹುದು. ಶುಲ್ಕ ಕಟ್ಟುವ ಮುನ್ನವೇ ಒಂದನೆಯ ದರ್ಜೆಯ ವೈದ್ಯಕೀಯ ಪರೀಕ್ಷೆ ಮಾಡಿಸುವುದು, ಉದ್ಯೋಗ ಸಿಕ್ಕ ಮೇಲೆ ಲೈಸೆನ್ಸ್ ನಷ್ಟದ ವಿಮೆ ಇದೆಯೇ ಎಂದು ಕೇಳುವುದು ಅತ್ಯಗತ್ಯ.

ಕರಾರಿನ ಒಳಗೆ

ಕೊಲ್ಲಿಯ ವಿಮಾನಯಾನ ಮೊದಲಿನಿಂದಲೂ ಪರದೇಶದವರ ದುಡಿಮೆಯ ಮೇಲೆ ನಿಂತಿದೆ. 1985ರ ಅಕ್ಟೋಬರ್ 25ರಂದು ಎಮಿರೇಟ್ಸ್ ತನ್ನ ಮೊದಲ ವಿಮಾನವನ್ನು ದುಬೈಯಿಂದ ಕರಾಚಿಗೆ ಹಾರಿಸಿದಾಗ ವಿಮಾನವನ್ನು ಪಾಕಿಸ್ತಾನದ ಪಿಐಎ ಸಂಸ್ಥೆಯಿಂದ ಬಾಡಿಗೆಗೆ ಪಡೆಯಲಾಗಿತ್ತು. ಇಂತಹ ವ್ಯವಸ್ಥೆಯ ಗುಣದೋಷಗಳೆರಡೂ ಕರಾರಿನಲ್ಲಿ ಅಡಗಿವೆ. ವಾಸದ ವೀಸಾ, ಮನೆ, ಶಾಲಾ ಶುಲ್ಕ ಎಲ್ಲವೂ ಒಂದೇ ಉದ್ಯೋಗದಾತನಿಗೆ ಗಂಟುಬಿದ್ದಿರುತ್ತವೆ. ಕೆಲಸ ಹೋದರೆ ಸಂಬಳವಷ್ಟೇ ಅಲ್ಲ, ಮಾಡು ಮತ್ತು ಮಕ್ಕಳ ಶಾಲೆಯೂ ಒಟ್ಟಿಗೇ ಹೋಗುತ್ತವೆ. 2020ರ ಕೋವಿಡ್ ಕಾಲದಲ್ಲಿ ಕೊಲ್ಲಿಯ ದೊಡ್ಡ ಸಂಸ್ಥೆಗಳು ನೂರಾರು ಪೈಲಟ್‌ಗಳನ್ನು ಕೈಬಿಟ್ಟಾಗ ಈ ಮಾತು ಅನುಭವಕ್ಕೆ ಬಂತು.

ಹಿರಿತನದ ಪ್ರಶ್ನೆಯೂ ಲಘುವಾದುದಲ್ಲ. ಅಂಗಡಿ ಬದಲಿಸಿದ ಮುನೀಮರು ತಮ್ಮ ಅನುಭವದ ಬೆಲೆಯನ್ನು ಜೊತೆಗೆ ಒಯ್ಯುತ್ತಾರೆ. ಪೈಲಟ್ ಒಯ್ಯುವುದು ಹಾರಾಟದ ಗಂಟೆಗಳನ್ನು ಮಾತ್ರ. ಹಿರಿತನದ ಪಟ್ಟಿಯಲ್ಲಿ ಹೊಸ ಸಂಸ್ಥೆ ಅವರನ್ನು ಕೆಳಗಿನಿಂದಲೇ ಎಣಿಸುವುದು ವಾಡಿಕೆ. ಇಲ್ಲಿ ಕ್ಯಾಪ್ಟನ್ ಆಗಿದ್ದವರು ಅಲ್ಲಿ ಸಹ ಪೈಲಟ್ ಆಗಿ ಸೇರಿದ ನಿದರ್ಶನಗಳುಂಟು. ಸೇವಾಂತ್ಯದ ಉಪದಾನವನ್ನೂ ವಿಚಾರಿಸಬೇಕು. ಸಂಯುಕ್ತ ಅರಬ್ ಸಂಸ್ಥಾನದ ಕಾರ್ಮಿಕ ಕಾನೂನು ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಆನಂತರ ವರ್ಷಕ್ಕೆ 30 ದಿನಗಳ ಮೂಲವೇತನವನ್ನು ಗೊತ್ತುಪಡಿಸಿದೆ. ಎಣಿಕೆ ಮೂಲವೇತನದ ಮೇಲೆ ನಡೆಯುತ್ತದೆಯೇ ಹೊರತು ಭತ್ಯೆಗಳು ಸೇರಿದ ದೊಡ್ಡ ಅಂಕಿಯ ಮೇಲೆ ಅಲ್ಲ.

ಊರಿನ ಜಮೀನು

ಸುಳ್ಳದಂತಹ ಊರಿನ ಕುಟುಂಬಗಳಿಗೆ ಅತಿ ಹೆಚ್ಚು ಪೆಟ್ಟು ಕೊಡಬಲ್ಲ ಸಂಗತಿ ಕರಾರಿನಲ್ಲಿಲ್ಲ, ಸ್ವದೇಶದ ವಿದೇಶಿ ವಿನಿಮಯ ಕಾನೂನಿನಲ್ಲಿದೆ. ಉದ್ಯೋಗಕ್ಕಾಗಿ ವಿದೇಶಕ್ಕೆ ತೆರಳಿದವರು ಫೆಮಾ ಪ್ರಕಾರ ಅನಿವಾಸಿಗಳಾಗುತ್ತಾರೆ. ಅನಿವಾಸಿ ಭಾರತೀಯರು ಮನೆ, ಮಳಿಗೆ, ನಿವೇಶನ ಕೊಳ್ಳಬಹುದು. ಕೃಷಿ ಜಮೀನು, ತೋಟ, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳುವ ಅವಕಾಶ ದೊರೆತಾಗ, ಇನ್ನು ಅಡ್ಡಿಯಿಲ್ಲವೆಂದು ಭಾವಿಸಿದವರು ಇದ್ದಾರೆ. ಅದು ರಾಜ್ಯದ ಕಾನೂನು, ಫೆಮಾ ಕೇಂದ್ರದ್ದು. ದುಬೈಯ ಮೊದಲ ಉಳಿತಾಯದಿಂದ ಪಕ್ಕದ ಹೊಲವನ್ನು ಮಗನ ಹೆಸರಿಗೇ ಮಾಡಿಸುವ ಉತ್ಸಾಹ ಸಹಜವಾದರೂ, ಆ ಖರೀದಿ ಕಾನೂನುಬಾಹಿರವಾಗುತ್ತದೆ. ಹೋಗುವ ಮುನ್ನ ಹೊಂದಿದ್ದ ಜಮೀನನ್ನು ಉಳಿಸಿಕೊಳ್ಳಲು, ಪಿತ್ರಾರ್ಜಿತವಾಗಿ ಪಡೆಯಲು ಅಡ್ಡಿಯಿಲ್ಲ.

ಬ್ಯಾಂಕಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ವಿದೇಶದ ಗಳಿಕೆಗೆ ಎನ್‌ಆರ್‌ಇ ಖಾತೆ ತೆರೆಯಬಹುದು. ಆದಾಯ ತೆರಿಗೆಯಲ್ಲಿ ಸಾಮಾನ್ಯವಾಗಿ 182 ದಿನಗಳ ಎಣಿಕೆ ನಡೆಯುತ್ತದೆ. ಆದರೆ ಭಾರತದಲ್ಲಿನ ಆದಾಯ 15 ಲಕ್ಷ ರೂಪಾಯಿ ಮೀರಿದವರಿಗೆ 2020ರ ಹಣಕಾಸು ಕಾಯ್ದೆ ಬೇರೆ ಅಳತೆ ತಂದಿತು: ರಜೆಗೆಂದು ಬಂದವರಿಗೂ 120 ದಿನಗಳ ಮಿತಿ ಅನ್ವಯಿಸಬಹುದು, ಯಾವ ದೇಶದಲ್ಲಿಯೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು ನಿವಾಸಿಯೆಂದೇ ಪರಿಗಣಿಸಲಾಗುತ್ತದೆ. ಹಾಗೆ ಪರಿಗಣಿತರಾದವರ ಕೊಲ್ಲಿಯ ಸಂಬಳಕ್ಕೆ ಸಾಮಾನ್ಯವಾಗಿ ಇದರಿಂದ ತೆರಿಗೆ ಬೀಳದು. ಆದರೂ ಮಳಿಗೆಗಳ ಬಾಡಿಗೆ, ಠೇವಣಿಯ ಬಡ್ಡಿ ಮಗನ ಹೆಸರಿಗೆ ಬರುತ್ತಿದ್ದರೆ ಆ ಮೊತ್ತ 15 ಲಕ್ಷದ ಯಾವ ಬದಿಗೆ ನಿಲ್ಲುತ್ತದೆಂಬುದನ್ನು ಲೆಕ್ಕಪರಿಶೋಧಕರಲ್ಲಿ ಪ್ರತಿವರ್ಷ ಪರಿಶೀಲಿಸಿಕೊಳ್ಳಬೇಕು.

ಹುಬ್ಬಳ್ಳಿಯಿಂದ ದುಬೈಗೆ ಹೊರಡುವ ದಿನಕ್ಕೆ ಮುನ್ನ ಮನೆಯವರು ಒಟ್ಟಿಗೆ ಕುಳಿತು ತೆರೆದು ನೋಡಬೇಕಾದ ಕಾಗದಗಳು ಹೀಗೆ ನಾಲ್ಕಾಗುತ್ತವೆ: ಉದ್ಯೋಗದ ಕರಾರು, ಹಿಂದಿನ ಸಂಸ್ಥೆಯ ನಿರಾಕ್ಷೇಪಣಾ ಪತ್ರ, ಭಾರತದ ಲೈಸೆನ್ಸಿನ ಅವಧಿ ತೋರುವ ಪುಟ ಮತ್ತು ಹೊಲದ ಪಹಣಿ. ಇವುಗಳಲ್ಲಿ ಪಹಣಿಯನ್ನು ಹೊರಡುವ ಮುನ್ನವೇ ಸರಿಪಡಿಸಿಕೊಳ್ಳುವುದು ಲೇಸು. ಮನೆತನದ ಪಾಲಿನಲ್ಲಿ ಬರಬೇಕಾದ ಜಮೀನಿನ ವಾಟ್ನಿ ಪತ್ರ ನೋಂದಣಿಯಾಗದೆ ಉಳಿದಿದ್ದರೆ, ಆ ಕೆಲಸಕ್ಕೆ ಮಗ ಊರಿನಲ್ಲಿರುವಾಗಲೇ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಿಬರುವುದು ಸುಲಭ.