ಕೀಮೊ ನಡೆಯುವಾಗ ಹಲ್ಲುಜ್ಜಬೇಕೇ?

ಬೀದರ್, ಕಲಬುರಗಿ ಕಡೆಯವರಿಗೆ ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿಗಿಂತ ಹೈದರಾಬಾದ್ ಹತ್ತಿರ. ರೆಡ್ ಹಿಲ್ಸ್‌ನ ಸರ್ಕಾರಿ ಎಂಎನ್‌ಜೆ ಆಸ್ಪತ್ರೆಯಾಗಲಿ, ಬಂಜಾರಾ ಹಿಲ್ಸ್‌ನ ಬಸವತಾರಕಂ ಆಗಲಿ, ಮಗುವಿಗೆ ರಕ್ತದ ಕ್ಯಾನ್ಸರ್ ಎಂದಾದರೆ ಎರಡು-ಮೂರು ವರ್ಷದ ಓಡಾಟ. ಹೆತ್ತವರ ಕಣ್ಣೆಲ್ಲ ಕೌಂಟ್ ರಿಪೋರ್ಟಿನ ಮೇಲೆ. ಬಾಯಿಯೊಳಗೆ ಇಣುಕುವುದು ಮಗು ಊಟ ಬಿಟ್ಟಾಗಲೇ. ಆಗ ಬಾಯಿಹುಣ್ಣು ಕಂಡು ಮನೆಯ ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ: "ಉಷ್ಣ ಆಗ್ಯದ."

ಈ ಹುಣ್ಣಿಗೂ ಉಷ್ಣಕ್ಕೂ ಸಂಬಂಧವಿಲ್ಲ. ಬೇಗ ಬೇಗ ಹೆಚ್ಚುವ ಜೀವಕೋಶಗಳನ್ನು ಕೊಲ್ಲುವುದು ಕೀಮೊ ಔಷಧದ ಕೆಲಸ. ಬಾಯಿಯ ಒಳಪೊರೆಯ ಕೋಶಗಳೂ ಅಂಥವೇ. ಮೆಥೊಟ್ರೆಕ್ಸೇಟ್‌ನಂಥ ಔಷಧ ಕೊಟ್ಟ ಸುಮಾರು ಒಂದು ವಾರಕ್ಕೆ ಹುಣ್ಣೇಳುತ್ತದೆ, ಸಾಮಾನ್ಯವಾಗಿ ಎರಡು-ಮೂರು ವಾರದಲ್ಲಿ ಮಾಯುತ್ತದೆ. ಅದರ ಮೇಲೆ ಲವಂಗದ ಎಣ್ಣೆ ಹಚ್ಚಿದರೆ ಮಗುವಿಗೆ ಇನ್ನಷ್ಟು ಉರಿ, ಅಷ್ಟೇ.

ಇದಕ್ಕಿಂತ ಅಪಾಯದ ನಂಬಿಕೆ ಇನ್ನೊಂದಿದೆ: "ರಕ್ತ ಬರ್ತದ, ಬ್ರಷ್ ಬ್ಯಾಡ." ಹಿಂದೆ ಪ್ಲೇಟ್‌ಲೆಟ್ ಇಳಿದಾಗ ಬ್ರಷ್ ನಿಲ್ಲಿಸಿ ಎಂದು ವೈದ್ಯರೇ ಹೇಳುತ್ತಿದ್ದುದುಂಟು, ಹಾಗಾಗಿ ಪೂರ್ತಿ ತಪ್ಪು ಹೆತ್ತವರದಲ್ಲ. ಈಗಿನ ಸಲಹೆ ಬೇರೆ. ಉಜ್ಜದೆ ಬಿಟ್ಟ ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿ ವಸಡು ಊದುತ್ತದೆ, ರಕ್ತ ಮತ್ತೂ ಹೆಚ್ಚು ಬರುತ್ತದೆ. ಬಿಳಿ ರಕ್ತಕಣ ಕುಸಿದ ಹೊತ್ತಿನಲ್ಲಿ ಬಾಯಿಯ ಬ್ಯಾಕ್ಟೀರಿಯಾ ಹುಣ್ಣಿನ ದಾರಿ ಹಿಡಿದು ರಕ್ತ ಸೇರಿದರೆ ಜ್ವರ, ಆಸ್ಪತ್ರೆ ವಾಸ, ಮುಂದೂಡಿದ ಕೀಮೊ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ.

ಆದ್ದರಿಂದ ದಿನಕ್ಕೆರಡು ಸಲ ಉಜ್ಜಿಸಿ. ತೀರಾ ಮೆತ್ತನೆಯ ಬ್ರಷ್ ಕೊಳ್ಳಿ, ಅದನ್ನೂ ಬಿಸಿನೀರಿನಲ್ಲಿ ಅದ್ದಿ ಇನ್ನಷ್ಟು ಮೆದು ಮಾಡಿ. ಬೇವಿನ ಕಡ್ಡಿ, ಇದ್ದಿಲ ಪುಡಿ ಸದ್ಯಕ್ಕೆ ಬೇಡ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಟೀ ಚಮಚದಲ್ಲಿ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಹಾಕಿ ಊಟವಾದ ಮೇಲೆಲ್ಲ ಮುಕ್ಕಳಿಸಲಿ. ಉಗುಳಲು ಬಾರದ ಕೂಸಿಗೆ ಒದ್ದೆ ಗಾಜ್ ಬಟ್ಟೆಯಿಂದ ಒರೆಸಬಹುದು. ಬ್ರಷ್ ಮುಟ್ಟಿಸಲಾರದಷ್ಟು ನೋವಿದ್ದರೆ, ರಕ್ತ ನಿಲ್ಲದಿದ್ದರೆ ವೈದ್ಯರಿಗೆ ತಿಳಿಸಲೇಬೇಕು. ನಾಲಿಗೆಯ ಮೇಲಿನ ಬಿಳಿ ಪದರ ಒರೆಸಿದರೂ ಹೋಗದಿದ್ದರೆ ಅದು ಹಾಲಲ್ಲ, ಶಿಲೀಂಧ್ರದ ಸೋಂಕಿರಬಹುದು.

"ಹಾಲುಹಲ್ಲು, ಹೆಂಗೂ ಬೀಳ್ತಾವ" ಎನ್ನುವವರೂ ಇದ್ದಾರೆ. ಬೀಳುವ ಹಲ್ಲೇ ಹೌದು, ಆದರೆ ಅದರ ಬುಡದ ಕೀವು ಬೀಳುವವರೆಗೆ ಸುಮ್ಮನಿರುವುದಿಲ್ಲ. ಸಿಹಿ ಸಿರಪ್ ಕುಡಿಸಿ ಹಾಗೇ ಮಲಗಿಸಿದರೆ ಹುಳುಕು ಬೇಗ. ಹಾಗೆಂದು ಊರಿನ ಕ್ಲಿನಿಕ್ಕಿಗೆ ಹೋಗಿ ಹಲ್ಲು ಕೀಳಿಸಬೇಡಿ. ಪ್ಲೇಟ್‌ಲೆಟ್, ಬಿಳಿಕಣಗಳ ಲೆಕ್ಕ ನೋಡಿ ದಿನ ಗೊತ್ತುಮಾಡಬೇಕಾದವರು ಕ್ಯಾನ್ಸರ್ ವೈದ್ಯರು. ಇನ್ನು, ವಿನ್‌ಕ್ರಿಸ್ಟಿನ್ ಎಂಬ ಔಷಧದಿಂದಲೂ ದವಡೆ ನೋಯುತ್ತದೆ. ಹುಳುಕೇ ಇಲ್ಲದ ಹಲ್ಲನ್ನು ಮಗು ತೋರಿಸಿ ಅತ್ತರೆ ಅದನ್ನೂ ಅವರಿಗೆ ಹೇಳಿ.

ಐದು ವರ್ಷದೊಳಗೆ ಕೀಮೊ ಪಡೆದ ಮಕ್ಕಳಲ್ಲಿ ಮುಂದೆ ಕೆಲವು ಶಾಶ್ವತ ಹಲ್ಲು ಮೂಡದಿರಬಹುದು, ಬೇರು ಗಿಡ್ಡವಾಗಬಹುದು. ಚಿಕಿತ್ಸೆ ಮುಗಿದ ಮೇಲೂ ದಂತವೈದ್ಯರಿಗೆ ತೋರಿಸುತ್ತಿರಿ. ಹೈದರಾಬಾದಿಗೇ ಹೋಗಿಬರುವವರಿಗೆ ಅಫ್ಜಲ್‌ಗಂಜ್‌ನಲ್ಲಿ ಸರ್ಕಾರಿ ದಂತ ಕಾಲೇಜಿದೆ. ಹೋಗುವಾಗ ಕೀಮೊ ಫೈಲು ಕೈಯಲ್ಲಿರಲಿ.