ಮರದ ಪೆನ್ನಿಗೂ ಮಳೆಗಾಲ ಉಂಟು

ಬೀಟೆ ಇಲ್ಲವೇ ತೇಗದ ತುಂಡಿನಿಂದ ಕಡೆದು ಮಾಡಿದ ಶಾಯಿ ಪೆನ್ನನ್ನು ಕಂಡವರು ಮೊದಲು ಮೆಚ್ಚುವುದು ಅದರ ಬಣ್ಣ, ನುಣುಪು ಮತ್ತು ಮರದ ಗೆರೆಗಳ ಚೆಲುವನ್ನು. ಆದರೆ ಪೆನ್ನಿನ ಬಾಳಿಕೆ ನಿರ್ಧಾರವಾಗುವುದು ಮುಚ್ಚಳ ಮತ್ತು ಒಡಲು ಕೂಡುವ ಜಾಗದಲ್ಲಿ. ಅಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮುಚ್ಚಳ ಕಚ್ಚಿಕೊಳ್ಳುತ್ತದೆ. ಇಲ್ಲವೇ ಸಡಿಲಗೊಂಡು, ಗಾಳಿಯಾಡಿ, ನಿಬ್ಬಿನಲ್ಲೇ ಶಾಯಿ ಒಣಗುತ್ತದೆ.

ಹೀಗೇಕೆ? ಕಡಿದು ಒಣಗಿಸಿದ ಮರವೂ ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ಬೇಸಿಗೆಯಲ್ಲಿ ಸಲೀಸಾಗಿ ತೆರೆದುಕೊಳ್ಳುವ ಬಾಗಿಲು ಆಷಾಢದಲ್ಲಿ ಬಿಗಿಯಾಗುವುದನ್ನು ಯಾರು ತಾನೇ ಕಂಡಿಲ್ಲ? ಪೆನ್ನಿನಲ್ಲೂ ಅದೇ ನಿಯಮ. 12 ಮಿ.ಮೀ. ವ್ಯಾಸದ ಮರ ಶೇಕಡ 1ರಷ್ಟು ಉಬ್ಬಿದರೆ ಹೆಚ್ಚುವುದು 0.12 ಮಿ.ಮೀ. ಇದು ಸಾಮಾನ್ಯ ತಲೆಗೂದಲಿನ ದಪ್ಪಕ್ಕಿಂತ ಹೆಚ್ಚು! ಸಾಲದ್ದಕ್ಕೆ, ಮರ ಎಲ್ಲ ದಿಕ್ಕಿಗೂ ಸಮನಾಗಿ ಉಬ್ಬುವುದಿಲ್ಲ. ಉದ್ದಕ್ಕೆ ಆಗುವ ವ್ಯತ್ಯಾಸ ಅತ್ಯಲ್ಪ. ವಾರ್ಷಿಕ ಉಂಗುರಗಳ ಗುಂಟ ಆಗುವ ಹಿಗ್ಗುಕುಗ್ಗು, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಹೀಗಾಗಿ ದುಂಡಗೆ ಕಡೆದ ಒಡಲೂ ಮುಚ್ಚಳವೂ ಕ್ರಮೇಣ ಅಂಡಾಕಾರ ತಾಳುತ್ತವೆ. ಒಂದು ದಿಕ್ಕಿನಲ್ಲಿ ಒಳಸೇರುವ ಮುಚ್ಚಳ ಸ್ವಲ್ಪ ತಿರುಗಿಸಿದೊಡನೆ ಸಿಕ್ಕಿಕೊಳ್ಳುವುದು ಇದರಿಂದಲೇ.

ಪಳಗಿದ ಕುಶಲಕರ್ಮಿಗಳು ಇದಕ್ಕೆ ಎರಡು ಉಪಾಯ ಮಾಡುತ್ತಾರೆ. ಮೊದಲನೆಯದು ತಾಳ್ಮೆ. ಚೆನ್ನಾಗಿ ಒಣಗಿದ ತುಂಡಿಗೆ ರಂಧ್ರ ಕೊರೆದು, ಬೇಕಾದ್ದಕ್ಕಿಂತ ತುಸು ದಪ್ಪವಾಗಿ ಕಡೆದು, ಕೆಲವು ವಾರ ಹಾಗೆಯೇ ಇಡುತ್ತಾರೆ. ಸೊಟ್ಟಗಾಗುವುದೆಲ್ಲ ಆದ ಮೇಲೆ ಲೇತಿನಲ್ಲಿ ಕೊನೆಯ ಅಳತೆಗೆ ತರುತ್ತಾರೆ. ಎರಡನೆಯದು, ಕೂಡಿಸುವ ಹೊಣೆಯನ್ನು ಮರಕ್ಕೆ ವಹಿಸದಿರುವುದು. ಒಳಗೆ ಹಿತ್ತಾಳೆ ಅಥವಾ ಎಬೊನೈಟ್ ಕೊಳವೆ ಅಂಟಿಸಿ, ಥ್ರೆಡ್ಡನ್ನು ಅದರಲ್ಲೇ ಕೊರೆಯುತ್ತಾರೆ. ಗಂಧಕ ಬೆರೆಸಿ ಗಟ್ಟಿಗೊಳಿಸಿದ ರಬ್ಬರೇ ಎಬೊನೈಟ್. ಅಮೆರಿಕದ ನೆಲ್ಸನ್ ಗುಡ್‌ಇಯರ್ 1851ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಮರದಂತೆ ಅದು ಶಾಯಿ ಹೀರಿ ಉಬ್ಬುವುದಿಲ್ಲ. ರಾಜಮಹೇಂದ್ರಿಯ ಹೆಸರಾಂತ ರತ್ನಂ ಪೆನ್ನುಗಳನ್ನು ಕೈಯಿಂದ ಕಡೆಯುವುದೂ ಎಬೊನೈಟಿನಿಂದಲೇ.

ಕೊಳವೆಯಿಲ್ಲದೆ ಮರಕ್ಕೆ ಮರವೇ ಕೂಡುವ ಪೆನ್ನು ಬಿಗಿಯಾದರೆ? ಒಡನೆಯೇ ಉಜ್ಜುಕಾಗದ ಹಿಡಿಯಬಾರದು. ಮಳೆಗಾಲದಲ್ಲಿ ಉಜ್ಜಿ ಸರಿಪಡಿಸಿದ್ದು ಬೇಸಿಗೆಯಲ್ಲಿ ಸಡಿಲವಾಗುತ್ತದೆ. ಬಿಸಿಲಿಗಿಟ್ಟರೆ ಮರ ಸೀಳುವ ಭಯ. ಕೆಲವು ದಿನ ನೆರಳಿನಲ್ಲಿ ಒಣಗಲು ಬಿಟ್ಟು ಮತ್ತೆ ಪರೀಕ್ಷಿಸಬೇಕು. ಆಗಲೂ ಕಚ್ಚಿದರೆ ಒಡಲ ತುದಿಗೆ ತೆಳುವಾಗಿ ದೀಪದ ಮಸಿ ಸವರಿ, ಮುಚ್ಚಳ ಹಾಕಿ ತಿರುಗಿಸಿ ತೆಗೆಯಬೇಕು. ಮಸಿ ಅಳಿಸಿದ ಕಡೆಯೇ ಉಬ್ಬಿರುವ ಜಾಗ. ಅಷ್ಟನ್ನು ಮಾತ್ರ ನಯವಾದ ಉಜ್ಜುಕಾಗದದಿಂದ ತೀಡಿ, ಮತ್ತೆ ಮಸಿ ಸವರಿ ನೋಡಬೇಕು. ಸಡಿಲವಾಗಿದ್ದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ತೆಳು ಲೇಪ ಸಾಕು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವುದೂ ಅರಗೇ. ಆದರೆ ಅದು ತೇವದ ಓಡಾಟವನ್ನು ನಿಧಾನಗೊಳಿಸುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ.

ಮರದ ಪೆನ್ನು ಕೊಳ್ಳುವವರು ಹೊಳಪು ನೋಡುವುದರ ಜೊತೆಗೆ ಮುಚ್ಚಳವನ್ನು ನಾಲ್ಕು ಸಲ ತೆಗೆದು ಹಾಕಿಯೂ ನೋಡಲಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೂ ಅದು ಅಷ್ಟೇ ಸಲೀಸಾಗಿ ತಿರುಗಿದರೆ, ಕಡೆದವರ ಕೈ ಪಳಗಿದ್ದೆಂದು ಧಾರಾಳವಾಗಿ ಹೇಳಬಹುದು.